ಆತು ಬಿಡು

“ನಮ್ಮ ಸರ್ ತಮ್ಮ ಇಡೀ ಸೇವಾವಧಿಯಲ್ಲಿ ಒಬ್ಬನೇ ಒಬ್ಬ ವಿದ್ಯಾರ್ಥಿಗೂ ‘ಇಲ್ಲ’ ಎಂದವರಲ್ಲ.”

ದಾವಣಗೆರೆಯ ವಿದ್ಯಾನಗರದ ಸಭಾಂಗಣವೊಂದರಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಇಟ್ಟುಕೊಂಡಿದ್ದ ಶ್ರದ್ಧಾಂಜಲಿ ಸಭೆ ಅದು. ಮೈಕು ಹಿಡಿದವರು ಈ ಮಾತು ಹೇಳಿ ಕರವಸ್ತ್ರ ತೆಗೆದರು. ಕೂತವರೆಲ್ಲ ತಲೆದೂಗಿದರು. ನಾನೂ ದೂಗಿದೆ. ಶ್ರದ್ಧಾಂಜಲಿ ಸಭೆಯಲ್ಲಿ ಅಷ್ಟು ಸತ್ಯವಾದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನಿಜ, ಆ ಮನುಷ್ಯ ಯಾರಿಗೂ ‘ಇಲ್ಲ’ ಅನ್ನಲಿಲ್ಲ. ಅಂದಿದ್ದರೆ ನಮ್ಮಲ್ಲಿ ಎಷ್ಟೋ ಜನ ಬದುಕಿಕೊಳ್ಳುತ್ತಿದ್ದೆವು.

ನಾನು ಹರಿಹರದ ಕೋರ್ಟಿನಲ್ಲಿ ವಕೀಲಿಕೆ ಮಾಡುವವಳು. ಸತ್ತವರ ಮೇಲೆ ದಾವೆ ಹೂಡಲು ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಸತ್ತವರ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಬಾರದು ಎಂದು ಯಾವ ಕಾಯಿದೆಯಲ್ಲೂ ಇಲ್ಲ. ಸಭೆಯ ಮಧ್ಯೆ ಸಂಘಟಕರೊಬ್ಬರು ನನ್ನ ಹತ್ತಿರವೂ ಮೈಕು ತಂದರು. “ಮೇಡಂ, ನೀವೂ ಎಲ್ಡು ಮಾತಾಡ್ರಿ. ಸರ್‌ಗೆ ನೀವು ಬಾಳ ಬೇಕಾದೋರಂತೆ” ಅಂದರು. ಬೇಕಾದವಳೇ? ನಾನೇ? ಯಾರು ಹೇಳಿದರಪ್ಪ ಇವರಿಗೆ ಎಂದು ತಬ್ಬಿಬ್ಬಾಗಿ, ಬೇಡವೆಂದು ಕೈಯಾಡಿಸಿದೆ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರು ಯಾವತ್ತೂ ನಮ್ಮ ಹೆಸರು ಹಿಡಿದು ಕರೆದವರಲ್ಲ, ನಾನೂ ಅವರ ಹೆಸರಿನ ಗೋಜಿಗೆ ಹೋಗುವುದಿಲ್ಲ.

ದಾವಣಗೆರೆಯಲ್ಲಿ ನಾನು ಓದಿದ ಕಾನೂನು ಕಾಲೇಜಿನಲ್ಲಿ ಅವರು ವಿಭಾಗದ ಮುಖ್ಯಸ್ಥರು. ಕಾಯಿದೆಯ ಮಾತಿಗೆ ಅರ್ಥ ಬಿಡಿಸುವುದು ಹೇಗೆ ಎಂಬುದು ಅವರ ಪಾಠದ ವಿಷಯ. ಹೊಟ್ಟೆ ಉರಿದರೂ ಒಪ್ಪಿಕೊಳ್ಳಬೇಕು, ಪಾಠ ಮಾತ್ರ ಅಬ್ಬಬ್ಬಾ ಅನ್ನುವ ಹಾಗೆ ಹೇಳುತ್ತಿದ್ದರು. ನಮ್ಮ ಮೊದಲ ತರಗತಿಗೆ ಪುಸ್ತಕ ತರಲಿಲ್ಲ. ಬೋರ್ಡಿನ ಮೇಲೆ ‘ಹೊರಗಿನ ತಿಂಡಿ ತಿನ್ನಬಾರದು’ ಎಂದು ಬರೆದು, ಬಾಯಲ್ಲಿದ್ದ ಲವಂಗವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿದರು.

“ದೋಸೆ ಹೋಟ್ಲು. ಗೋಡಿ ಮ್ಯಾಲೆ ಈ ಬೋರ್ಡ್ ಐತೆ. ಒಬ್ಬ ಸಕ್ಕರೆ ಕಾಯಿಲೆ ಮುದುಕ ಬಂದು ಕುಂತ. ತೆಲಿ ತಿರುಗಿದಂಗಾತು, ಜೇಬಿನಾಗಿಂದ ಒಂದು ಬಿಸ್ಕತ್ ತಗದು ಬಾಯಿಗೆ ಹಾಕ್ಕಂಡ. ಮಾಲೀಕ ಎಬ್ಬಿಸಬಹುದೋ, ಇಲ್ಲೋ? ಏ ಆನಗೋಡು, ನೀ ಹೇಳು.”

ಆನಗೋಡು ಎಂದರೆ ನನ್ನ ಗೆಳತಿ ಸುಮಾ. ಊರು ಆನಗೋಡು, ಆಗ ಇದ್ದದ್ದು ವಿದ್ಯಾನಗರದ ಹಾಸ್ಟೆಲಿನಲ್ಲಿ. ನಾನು ಹರಿಹರ. ಎಲ್ಲರೂ ಒಂದೊಂದು ಊರು. ಬಿಸ್ಕತ್ತು ತಿಂಡಿಯೋ ಔಷಧಿಯೋ, ಜೇಬು ಎಂದರೆ ಒಳಗೋ ಹೊರಗೋ, ‘ತಿನ್ನಬಾರದು’ ಅಂದದ್ದು ಆಜ್ಞೆಯೋ ಬರೀ ಕೋರಿಕೆಯೋ ಎಂದು ಇಡೀ ತರಗತಿ ಕಿತ್ತಾಡಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಯಲ್ಲಿ ಅವರು ಬೋರ್ಡು ಒರೆಸುತ್ತ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. “ಮಾತಿಗೆ ಎಲ್ಡು ಅರ್ಥ ಬಂತು ಅನ್ರಿ. ಆಗ ಆ ಮಾತು ಯಾರು ಬರದಾರೋ ಅವರ ವಿರುದ್ಧ ಅರ್ಥ ಮಾಡ್ಬೇಕು. ಯಾಕ? ಸರಿಯಾಗಿ ಬರೆಯೋದು ಅವರ ಕೈಯಾಗಿತ್ತು. ಬರೀಲಿಲ್ಲ. ಅನುಭವಿಸ್ಲಿ.”

ನಾನು ಅವತ್ತು ಹರಿಹರದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನೇ ಓದಿಕೊಂಡು ಹೋದೆ. ವಕೀಲಳಾಗಬೇಕು ಎಂದುಕೊಂಡು ಕಾಲೇಜಿಗೆ ಸೇರಿದವಳು ನಾನು. ಕಾಯಿದೆ ಬರೆಯುವವಳಾಗಬೇಕು ಎಂಬ ಹುಚ್ಚು ಹತ್ತಿದ್ದು ಅವತ್ತು. ಆ ಹುಚ್ಚು ಹಚ್ಚಿದವರು ಅವರೇ, ನೀರು ಸುರಿದವರೂ ಅವರೇ.

ಪಾಠ ಬಿಟ್ಟರೆ ಉಳಿದದ್ದೆಲ್ಲ ತಪ್ಪಿಸಿಕೊಳ್ಳುವ ವಿದ್ಯೆ. ಎಲ್ಲ ಮೇಷ್ಟ್ರುಗಳ ಗಾಡಿ ಸ್ಟ್ಯಾಂಡಿನಲ್ಲಿ ನಿಂತರೆ ಇವರ ಹಳೇ ಸ್ಕೂಟರ್ ಗೇಟಿನ ಪಕ್ಕ ಬೇವಿನ ಮರದ ಕೆಳಗೆ, ಮೂತಿ ರಸ್ತೆಯ ಕಡೆ ಮಾಡಿ ನಿಂತಿರುತ್ತಿತ್ತು. ಯಾರಾದರೂ ಕೆಲಸ ಹೇಳಿಕೊಂಡು ಬರುತ್ತಿದ್ದಾರೆ ಅಂತ ವಾಸನೆ ಬಡಿದರೆ ಸಾಕು, ಒಂದೇ ಒದೆತಕ್ಕೆ ಸ್ಟಾರ್ಟ್. ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದದ್ದು ಪೆನ್ಸಿಲಿನಲ್ಲಿ. ಕಚೇರಿಯವರು ಇಂಕಿನಲ್ಲಿ ತಿದ್ದಿಸಲು ಹಿಂದೆ ಹಿಂದೆ ಓಡಾಡುತ್ತಿದ್ದರು. ಜೇಬಿನಲ್ಲಿ ಒಳ್ಳೆಯ ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಅದರ ಮುಚ್ಚಳ ತೆಗೆದದ್ದನ್ನು ನಮ್ಮ ಪೈಕಿ ಯಾರೂ ನೋಡಲಿಲ್ಲ.

ಇನ್ನು ಅವರ ಪ್ರಸಿದ್ಧ ಔದಾರ್ಯ. ಒಂದು ಸಲ ಹಾಜರಾತಿ ಕಡಿಮೆಯಾಗಿ ಕೆಲವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದರು. ತಪ್ಪು ಕಚೇರಿಯದು, ಒಂದು ಇಡೀ ತಿಂಗಳ ಹಾಜರಿಯನ್ನು ಪುಸ್ತಕಕ್ಕೆ ಏರಿಸಿಯೇ ಇರಲಿಲ್ಲ. ವಿಭಾಗದ ಮುಖ್ಯಸ್ಥರು ಒಂದು ಸಾಲು ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ನಾವೆಲ್ಲ ಗುಂಪಾಗಿ ಹೋದೆವು. ಅವರು ನಮ್ಮ ಮಾತನ್ನು ಪೂರ್ತಿ ಕೇಳಿ, ಕಣ್ಣು ತುಂಬಿಕೊಂಡು, “ಪಾಪ, ಎಷ್ಟು ಒಣಗೀರಿ ನೋಡ್ರಿ, ಬರ್ರಿ ಬರ್ರಿ” ಎಂದು ಎಲ್ಲರನ್ನೂ ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ಕೊಡಿಸಿದರು. ಚಟ್ನಿ ಸಾಲದಿದ್ದರೆ ತಾವೇ ಎದ್ದು ಹೋಗಿ ತಂದು ಬಡಿಸಿದರು. ಆ ಒಂದು ಸಾಲು ಮಾತ್ರ ಬರೆಯಲಿಲ್ಲ. ಹುಡುಗರು ಹೈಕೋರ್ಟಿನ ತನಕ ಅಲೆದು ಪರೀಕ್ಷೆ ಬರೆದರು. ಆದರೆ ಸಭೆಯಲ್ಲಿ ನೆನೆದು ಅತ್ತದ್ದು ಆ ದೋಸೆಯನ್ನು! ಅದೇ ಗುಂಪಿನಲ್ಲಿದ್ದವನೊಬ್ಬ ಮೈಕಿನಲ್ಲಿ ಅತ್ತ. ನಾನು ಕಿವಿಯಾರೆ ಕೇಳಿದೆ.

ನಮ್ಮ ಕೊನೆಯ ವರ್ಷದಲ್ಲಿ ಒಂದು ಪ್ರಕಟಣೆ ಬಂತು. ರಾಜ್ಯ ಸರ್ಕಾರ ಕಾನೂನು ವಿದ್ಯಾರ್ಥಿಗಳನ್ನು ತರಬೇತಿಗೆ ತೆಗೆದುಕೊಳ್ಳುತ್ತದೆ, ಬೆಂಗಳೂರಿನಲ್ಲಿ ಇರಿಸಿಕೊಂಡು ಮಸೂದೆ, ನಿಯಮ, ಅಧಿಸೂಚನೆಗಳ ಕರಡು ಬರೆಯುವುದನ್ನು ಕಲಿಸುತ್ತದೆ ಎಂದು. ಅದನ್ನು ಮತ್ತೆ ಮತ್ತೆ ಓದಿದೆ. ಕೊನೆಯ ವರ್ಷದವರಿಗೆ ಮಾತ್ರ, ಜನ್ಮದಲ್ಲಿ ಒಂದೇ ಸಲ. ಅರ್ಜಿಯನ್ನು ನಾವೇ ನೇರ ಕಳಿಸುವಂತಿರಲಿಲ್ಲ. ವಿಭಾಗದ ಮುಖ್ಯಸ್ಥರು ಶಿಫಾರಸು ಮಾಡಿ, ಸಹಿ ಹಾಕಿ, ಕಾಲೇಜಿನ ಇ-ಮೇಲಿನಿಂದಲೇ ಕಳಿಸಬೇಕು. ಒಂದು ಕಾಲೇಜಿನಿಂದ ಇಬ್ಬರಿಗೆ ಅವಕಾಶ.

ನನಗೆ ಅದು ಎಷ್ಟು ಬೇಕಾಗಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಅಬ್ಬಾಜಿಗೆ ಹರಿಹರದಲ್ಲಿ ಗಾದಿ ಅಂಗಡಿ. ಅರಳೆ ಹಿಂಜಿ, ತುಂಬಿ, ಹೊಲಿದು ಕೊಡುವ ಕೆಲಸ. ನಮ್ಮ ಮನೆತನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರೇ ಇಲ್ಲ. ನನ್ನಂಥವಳು ಪದವಿ ಮುಗಿಸಿಕೊಂಡು ಊರಿಗೆ ಬಂದರೆ ಯಾವ ಹಿರಿಯ ವಕೀಲರ ಬಾಗಿಲಲ್ಲಿ ನಿಲ್ಲಬೇಕು? ಯಾರ ಹೆಸರು ಹೇಳಬೇಕು? ಆ ತರಬೇತಿ ಸಿಕ್ಕರೆ ಯಾರ ಹೆಸರೂ ಬೇಕಿರಲಿಲ್ಲ. ನಾನು ಬರೆದ ವಾಕ್ಯವೇ ನನ್ನ ಹೆಸರು.

ಅರ್ಜಿ ತುಂಬಿ, ಅದರ ಜೊತೆ ಇಡಬೇಕಾದ ಪ್ರಬಂಧ ಬರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಪ್ರಬಂಧ ಓದಿದರು. ನಿಜವಾಗಿಯೂ ಓದಿದರು. ಒಂದು ಕಡೆ ‘ಮತ್ತು’ ತೆಗೆದು ‘ಅಥವಾ’ ಮಾಡು ಎಂದರು. ಅದು ಸರಿಯಾದ ತಿದ್ದುಪಡಿ. ಆಮೇಲೆ ಹಾಳೆಗಳನ್ನು ಜೋಡಿಸಿ ಮೇಜಿನ ಬದಿಗೆ ಇಟ್ಟು, ಲವಂಗ ದಾಟಿಸಿ, “ಆತು ಬಿಡವ್ವ ಹರಿಹರ” ಎಂದರು.

ನಾನು ಮೆಟ್ಟಿಲು ಇಳಿದದ್ದು ಗೊತ್ತೇ ಆಗಲಿಲ್ಲ. ಕೆಳಗೆ ಸುಮಾ ಕಾಯುತ್ತಿದ್ದಳು. ಅವಳೂ ಅರ್ಜಿ ಕೊಟ್ಟಿದ್ದಳು.

“ಏನಂದ್ರು?”

“ಆತು ಬಿಡು ಅಂದ್ರು ಕಣೆ!”

ಸುಮಾ ನನ್ನ ಮುಖವನ್ನೇ ದಿಟ್ಟಿಸಿದಳು. “ಯಾವ ಆತು?”

“ಯಾವ ಆತು ಅಂದ್ರೆ? ಆತು ಅಂದ್ರೆ ಆತು.”

“ಹಂಗಲ್ಲ. ಹೌದು ಅಂತ ತೆಲಿ ಹಾಕಿ ಆತು ಅಂದ್ರಾ, ಬಾಗ್ಲ ಕಡೆ ನೋಡ್ಕಂತ ಆತು ಅಂದ್ರಾ? ತೆಲಿ ಹಾಕಿದ್ರೆ ಆಗ್ತೈತೆ ಅಂತ. ಬಾಗ್ಲ ನೋಡಿದ್ರೆ ಎದ್ದು ಹೋಗು ಅಂತ. ನನಗ ಬಾಗ್ಲ ನೋಡ್ಕಂತ ಅಂದಾರೆ.”

“ನಿನ್ನ ತಲೆ” ಎಂದು ನಕ್ಕೆ. ನಮ್ಮ ಕಡೆಯವರಿಗೆ ಈ ಎರಡು ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಪೇಟೆಯಲ್ಲಿ ವ್ಯಾಪಾರ ಕುದುರಿದರೂ ಆತು ಬಿಡು, ವ್ಯಾಪಾರ ಮುರಿದುಬಿದ್ದರೂ ಆತು ಬಿಡು. ಮದುವೆ ಗಟ್ಟಿಯಾದರೂ ಅದೇ, ಮನುಷ್ಯ ತೀರಿಕೊಂಡರೂ ಅದೇ. ಹೇಳುವವರ ದನಿ ನೋಡಿ ತಿಳಿದುಕೊಳ್ಳಬೇಕು. ನನಗೆ ದನಿ ಕೇಳಿಸಲಿಲ್ಲ. ‘ಮತ್ತು’ ತೆಗೆದು ‘ಅಥವಾ’ ಮಾಡಿಸಿದ ಮನುಷ್ಯ ಕಳಿಸದೇ ಇರುತ್ತಾನೆ ಎಂದು ಯಾವ ಹುಡುಗಿ ಅಂದುಕೊಳ್ಳುತ್ತಾಳೆ?

ಮನೆಗೆ ಬಂದು ಅಬ್ಬಾಜಿಗೂ ಅದೇ ಮಾತು ಹೇಳಿದೆ. “ಸರ್ ಆತು ಬಿಡು ಅಂದ್ರು.” ಅಬ್ಬಾಜಿ ಕೈಯಲ್ಲಿದ್ದ ಸೂಜಿಯನ್ನು ಗಾದಿಗೆ ಚುಚ್ಚಿ ಎದ್ದು ನಿಂತರು. ಮಾರನೇ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ಒಂದೇ ವರದಿ. “ನಮ್ಮ ಬೇಟಿ ಸರ್ಕಾರದ ಕಾನೂನು ಬರಿಯಾಕೆ ಹೊಂಟಾಳ್ರಿ.” ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯಲ್ಲಿದ್ದ ಒಳ್ಳೆಯ ಅರಳೆ ಆರಿಸಿ ನನಗೊಂದು ತೆಳ್ಳನೆಯ ಗಾದಿ ಹೊಲಿದರು. ನೀಲಿ ಪಟ್ಟೆಯ ಬಟ್ಟೆ, ಸುತ್ತಿ ಕಟ್ಟಲು ಎರಡು ಪಟ್ಟಿ, ಹೆಗಲಿಗೆ ಹಾಕಿಕೊಳ್ಳಲು ಒಂದು ಹಿಡಿ.

“ಬೆಂಗ್ಳೂರು ಹಾಸ್ಟೆಲ್‌ನಾಗ ಬರೀ ಹಲಗಿ ಮಂಚ ಇರ್ತಾವಂತೆ. ಬಸ್ಸಿನಾಗ ಎತ್ಕಂಡು ಹೋಗಾಕ ಹಗುರಿರಬೇಕು. ಎತ್ತಿ ನೋಡು ಬೇಟಿ.”

ಎತ್ತಿ ನೋಡಿದೆ. ಹಗುರವಾಗಿತ್ತು.

ನಡುವೆ ಸರ್ ಕಂಡಾಗಲೆಲ್ಲ ಕೇಳುತ್ತಲೇ ಇದ್ದೆ, “ಏನಾತು ಸರ್?” ಎಂದು. ಒಮ್ಮೆ “ಬರ್ತೈತೆ ತಡಿ”, ಒಮ್ಮೆ “ನೋಡಾಣಂತೆ”, ಒಮ್ಮೆ ಬರೀ ನಗು, ಜೊತೆಗೆ ಒಂದು ಲವಂಗ. ಮೂಗಿಗೆ ತುಪ್ಪ ಸವರುತ್ತ ಹೋದರು. ಆಯ್ಕೆಯಾದವರ ಹೆಸರು ಹೊರಬಿದ್ದಾಗ ಅದರಲ್ಲಿ ನಾನಿರಲಿಲ್ಲ. ಇರಲಿ, ನನಗಿಂತ ಜಾಣರು ಇರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಮನಸ್ಸು ತಡೆಯದೆ ಬೆಂಗಳೂರಿಗೆ ಫೋನು ಮಾಡಿ, ನನ್ನ ಪ್ರಬಂಧದಲ್ಲಿ ಏನು ಕೊರತೆಯಾಯಿತು ಎಂದು ಕೇಳಿದೆ. ಆ ಕಡೆಯ ಹೆಂಗಸು ಹುಡುಕಿ ನೋಡಿ, “ನಿಮ್ಮ ಕಾಲೇಜಿಂದ ನಮಗೆ ಒಂದು ಅರ್ಜಿನೂ ಬಂದಿಲ್ವಲ್ಲಮ್ಮ” ಎಂದಳು. ತುಂಬ ಮೆತ್ತಗೆ ಹೇಳಿದಳು ಪುಣ್ಯಾತ್ಗಿತ್ತಿ.

ಸೀದಾ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಅವರು ಒದೆಯಲು ಕಾಲೆತ್ತಿದ್ದರು. ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡೆ.

“ಸರ್, ನನ್ನ ಅರ್ಜಿ ಕಳಿಸಲಿಲ್ಲ ನೀವು.”

“ಅದು ಆವತ್ತೇ ಆತು ಬಿಡು ಅಂದಿದ್ನಲ್ಲವ್ವ.”

“ಆತು ಅಂದ್ರೆ ಕಳಿಸ್ತೀನಿ ಅಂತ ಅಲ್ಲೇನ್ರಿ?”

“ಆತು ಅಂದ್ರೆ ಆ ವಿಚಾರ ಅಲ್ಲಿಗೆ ಆತು. ಬಿಡು ಅಂದ್ರೆ ಬಿಟ್ಬಿಡು. ಎಷ್ಟು ಸರಳ ಐತೆ. ನೀ ಬ್ಯಾರೆ ಅರ್ಥ ಮಾಡ್ಕಂಡ್ರೆ ನಾ ಏನ್ ಮಾಡ್ಲಿ?”

ನಾನು ಹ್ಯಾಂಡಲ್ ಬಿಡಲಿಲ್ಲ. “ಎಲ್ಡು ಅರ್ಥ ಬಂದ್ರೆ ಆ ಮಾತು ಆಡಿದೋರ ವಿರುದ್ಧ ಅರ್ಥ ಮಾಡ್ಬೇಕು ಅಂತ ನೀವೇ ಹೇಳಿದ್ದು ಸರ್.”

ಅವರ ಮುಖ ಅರಳಿತು. ದೇವರಾಣೆ ಅರಳಿತು! “ಅಲೆಲೆಲೆ! ಪಾಯಿಂಟ್ ಹೆಂಗ ಹಿಡದಾಳ ನೋಡು. ಆದ್ರೆ ಅದು ಕರಾರಿಗೆ ಅನ್ವಯ ಆಗೋ ಸೂತ್ರ. ನಾ ನಿನ್ನ ಜೋಡಿ ಕರಾರು ಮಾಡ್ಕಂಡಿಲ್ಲಲ. ಚಲೋ ವಕೀಲಳಾಗ್ತೀ ನೀನು. ಬಾ, ದೋಸಿ ತಿನ್ನಾಣ.”

“ನಿಮ್ಮ ದೋಸಿ ನೀವೇ ತಿನ್ರಿ” ಎಂದು ಹ್ಯಾಂಡಲ್ ಬಿಟ್ಟು ಬಂದೆ. ತಿಂದಿದ್ದರೆ ನಾನೂ ಆ ಸಭೆಯಲ್ಲಿ ಮೈಕು ಹಿಡಿದು ಅಳುತ್ತಿದ್ದೆನೋ ಏನೋ.

ಯಾಕೆ ಕಳಿಸಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅವರಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ನನ್ನ ಜಾಗದಲ್ಲಿ ಯಾರನ್ನೋ ತುರುಕಿಸುವ ಉದ್ದೇಶವೂ ಇರಲಿಲ್ಲ. ಇದ್ದಿದ್ದರೆ ನನಗೆ ಸಿಟ್ಟು ಬಂದು ಹೋಗುತ್ತಿತ್ತು, ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಸುಮಾ ಹೋಗಿ ಕೂತು ಅಳುತ್ತ ಕೇಳಿದಾಗ ಅವಳಿಗೆ ಬಾಯಿಬಿಟ್ಟು ಹೇಳಿದರಂತೆ. “ಅರ್ಜಿ ಕೊಟ್ಟೋರು ಬಾಳ ಮಂದಿ ಇದ್ರವ್ವ. ಇಬ್ಬರನ್ನ ಕಳಿಸಿದ್ರೆ ಉಳಿದೋರು ನಮ್ಮನ್ಯಾಕ ಬಿಟ್ರಿ ಅಂತಾರೆ. ಅವರ ಅಪ್ಪಂದಿರು ಬರ್ತಾರೆ, ಆಡಳಿತ ಮಂಡಳಿ ಕರದು ಕೇಳ್ತೈತೆ. ಯಾರನ್ನೂ ಕಳಿಸ್ಲಿಲ್ಲ ಅನ್ನು, ಯಾರೂ ಕೇಳಲ್ಲ. ಎಲ್ಲರಿಗೂ ಸಮಾಧಾನ.”

ಎಲ್ಲರಿಗೂ ಸಮಾಧಾನ! ಥೂ. ಇಬ್ಬರ ಪಾಲಿನ ಅನ್ನ ತಿಪ್ಪೆಗೆ ಚೆಲ್ಲಿ, ಪಂಕ್ತಿಯಲ್ಲಿ ಭೇದ ಮಾಡಲಿಲ್ಲ ಎಂದು ಕೈ ತೊಳೆದುಕೊಂಡ ಮನುಷ್ಯ ಅದು. ಒಂದು ‘ಇಲ್ಲ’ ಅಂದಿದ್ದರೆ ನಾನು ಪ್ರಾಂಶುಪಾಲರ ಬಾಗಿಲು ಬಡಿಯುತ್ತಿದ್ದೆ, ಜಗಳ ಕಾಯುತ್ತಿದ್ದೆ, ಬೆಂಗಳೂರಿಗೇ ಹೋಗಿ ಕೈ ಮುಗಿಯುತ್ತಿದ್ದೆ. ಸಮಯವಿತ್ತು. ಆ ಸಮಯವನ್ನು ಅವರು ನಗುನಗುತ್ತ ತಿಂದುಹಾಕಿದರು.

ಅಬ್ಬಾಜಿಗೆ ಹೇಳುವುದು ಬಹಳ ಕಷ್ಟವಾಯಿತು. ಅವರು ಎದ್ದು, ಗಾದಿಯನ್ನು ಅಟ್ಟದ ಮೇಲೆ ಹಾಕಿದರು. ಆದರೆ ಊರು ಸುಮ್ಮನಿರುತ್ತದೆಯೇ? “ಏನ್ ಸಾಹೇಬ್ರೇ, ಮಗಳು ಹೋದ್ಲಾ ಬೆಂಗ್ಳೂರಿಗೆ?” ಎಂದು ಹೋಗುವವರು ಬರುವವರು ಕೇಳುತ್ತಿದ್ದರು. ಅಬ್ಬಾಜಿ ತಲೆ ಬಗ್ಗಿಸಿ ಅರಳೆ ಹಿಂಜುತ್ತ, “ಹೋಗ್ತಾಳ್ರಿ, ಇನ್ನೂ ಟೈಮ್ ಐತೆ” ಎನ್ನುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅದನ್ನು ನಾನು ಒಳಮನೆಯಿಂದ ಕೇಳಿಸಿಕೊಳ್ಳಬೇಕಾಗಿತ್ತು. ತರಬೇತಿ ಹೋದದ್ದನ್ನು ಬೇಕಾದರೆ ಮರೆತೇನು, ಇದನ್ನು ಮರೆಯುವುದಿಲ್ಲ.

ನಾನೇನು ಹಾಳಾಗಲಿಲ್ಲ. ಹರಿಹರದಲ್ಲಿ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ವರ್ಷಗಟ್ಟಲೆ ಫೈಲು ಹೊತ್ತು, ಜಾಮೀನು ಅರ್ಜಿ ಬರೆದು, ಹೆಸರು ಮಾಡಿದೆ. ಈಗ ಕೋರ್ಟಿನ ಹತ್ತಿರ ನನ್ನದೇ ಕಚೇರಿ ಇದೆ. ಕಾಯಿದೆಯ ಕರಡು ಮಾತ್ರ ಈ ಜನ್ಮದಲ್ಲಿ ಬರೆಯಲಿಲ್ಲ. ಬೇರೆಯವರು ಬರೆದ ಕಾಯಿದೆಯಲ್ಲಿ ‘ಮತ್ತು’ ಇರಬೇಕಾದ ಕಡೆ ‘ಅಥವಾ’ ಇದ್ದದ್ದು ಕಂಡಾಗ ಇವತ್ತಿಗೂ ಕೈ ತುರಿಸುತ್ತದೆ. ಅಬ್ಬಾಜಿ ತೀರಿಕೊಂಡ ಮೇಲೆ ಅಟ್ಟದ ಮೇಲಿದ್ದ ಗಾದಿಯನ್ನು ಇಳಿಸಿ, ಮಡಿಸಿ, ಕಕ್ಷಿದಾರರು ಕೂರುವ ಬೆಂಚಿನ ಮೇಲೆ ಹಾಸಿದ್ದೇನೆ.

ಹೋದ ವರ್ಷ ಚೈತ್ರಾ ಎಂಬ ಹುಡುಗಿ ರಜೆಯಲ್ಲಿ ಕೆಲಸ ಕಲಿಯಲು ಬಂದಳು. ಹರಿಹರದ ಹುಡುಗಿ, ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದವಳು. ಬರೆದದ್ದನ್ನು ತಿರುಗಿ ಓದಿ ಹೊಡೆದು ಹಾಕುವ ಗುಣವಿತ್ತು ಅವಳಿಗೆ. ನನಗೆ ಇಷ್ಟವಾದಳು. ಅದೇ ಸರ್ಕಾರಿ ತರಬೇತಿಗೆ ಅರ್ಜಿ ಹಾಕುತ್ತೇನೆ ಎಂದಳು. ಈಗ ಕಾಲೇಜಿನ ಕೈಗೆ ಬೀಳುವ ಗೋಳಿಲ್ಲ, ವಿದ್ಯಾರ್ಥಿಗಳೇ ಆನ್‌ಲೈನ್‌ನಲ್ಲಿ ಹಾಕಬಹುದು. ಆದರೆ ಇವರು ನನ್ನ ಬಳಿ ಕೆಲಸ ಕಲಿತಿದ್ದಾರೆ ಎಂದು ಒಬ್ಬ ವಕೀಲರು ಬರೆದು ಸಹಿ ಹಾಕಿ ದೃಢೀಕರಿಸಬೇಕು. ಅವಳು ಕೇಳಿದ ದಿನವೇ ಬರೆದು, ಇಂಕಿನಲ್ಲಿ ಸಹಿ ಮಾಡಿ, ಸ್ಕ್ಯಾನ್ ಮಾಡಿ ಏರಿಸಿದೆ. ನನ್ನ ಫೋನಿಗೆ ಬಂದ ಒಟಿಪಿ ಕೂಡ ಹಾಕಿ ಮುಗಿಸಿದೆ. ಅವಳು ಅಷ್ಟರಲ್ಲಿ ಪರೀಕ್ಷೆಗೆಂದು ದಾವಣಗೆರೆಗೆ ಹೋಗಿದ್ದಳು, ಮರುದಿನ ಸಂಜೆ ಹೇಳೋಣ ಎಂದುಕೊಂಡೆ.

ಆದರೆ ಮರುದಿನ ಬೆಳಿಗ್ಗೆಯೇ ಬಾಗಿಲಲ್ಲಿ ಒಂದು ಕೋಲು ಕಂಡಿತು, ಅದರ ಹಿಂದೆ ಅವರು. ಸೊರಗಿದ್ದರು. ಲವಂಗ ಮಾತ್ರ ಹಾಗೇ ಇತ್ತು.

“ನಮಸ್ಕಾರ ವಕೀಲ್ರೇ. ಗುರುತು ಸಿಕ್ತಾ? ಚೈತ್ರಾ ನನ್ನ ಮಗಳ ಮಗಳು.”

‘ಹರಿಹರ’ ಹೋಗಿ ‘ವಕೀಲ್ರೇ’ ಆಗಿದ್ದೆ. “ಬರ್ರಿ ಸರ್, ಕೂಡ್ರಿ” ಎಂದೆ. ಬೆಂಚಿನ ಮೇಲೆ, ಆ ಗಾದಿಯ ಮೇಲೆ ಕೂತರು.

“ಕೂಸಿನ ಅರ್ಜಿ ಕೊನಿ ದಿನ ಹತ್ರ ಬಂತು. ನಿಮ್ಮ ಸಹಿ ಒಂದು ಆಗಬೇಕಿತ್ತಂತೆ. ಏನಾತು?”

ನಾನು ಬಾಗಿಲ ಕಡೆ ನೋಡಿಕೊಂಡು ಹೇಳಿದೆ, “ಆತು ಬಿಡ್ರಿ ಸರ್.”

ಲವಂಗ ದಾಟುವುದು ಅರ್ಧಕ್ಕೆ ನಿಂತಿತು. ಆ ಮುಖ ನೋಡಬೇಕಿತ್ತು ನೀವು! ಅವರಿಗೆ ಎಲ್ಲ ನೆನಪಿತ್ತು. ಒಂದಕ್ಷರ ಮರೆತಿರಲಿಲ್ಲ.

“ಆತು ಅಂದ್ರೆ... ಹೆಂಗ ಆತು?”

ಕಕ್ಷಿದಾರರು ಬಂದರು. ನಾನು ಅವರ ಕಡೆ ತಿರುಗಿದೆ. ಬಾಡಿಗೆ ಮನೆಯ ತಕರಾರು ಕೇಳಿದೆ, ವಾಯಿದೆಗೆ ಕೋರ್ಟಿಗೆ ಹೋಗಿ ಬಂದೆ. ವಾಪಸ್ ಬಂದಾಗಲೂ ಅವರು ಅಲ್ಲೇ ಕೂತಿದ್ದರು, ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು. ಅವರನ್ನು ಅಷ್ಟು ಹೊತ್ತು ಕೂರಿಸಿದ್ದಕ್ಕೆ ನನಗೆ ಬೇಜಾರಾಗಿದೆ ಎಂದು ಯಾರೂ ತಿಳಿಯಬೇಡಿ. ಆಗಿಲ್ಲ.

ಕೋಣೆಯಲ್ಲಿ ನಾವಿಬ್ಬರೇ ಉಳಿದಾಗ ಅವರು ಬಾಯಿ ತೆರೆದರು. “ಇಲ್ಲ ಅಂದ್ರೆ ಇಲ್ಲ ಅಂದ್ಬಿಡ್ರಿ ತಾಯಿ. ಇನ್ನೂ ಒಂದು ದಿನ ಐತೆ, ಬ್ಯಾರೆ ಯಾರ್ನಾರ ಕಾಲು ಹಿಡಿತೀನಿ. ಹಿಂಗ ಕುಂದ್ರಸಬ್ಯಾಡ್ರಿ.”

ಕಾಯಿಸುವುದಕ್ಕಿಂತ ‘ಇಲ್ಲ’ ಅನ್ನುವುದೇ ಮೇಲು ಎಂಬ ಇಷ್ಟು ಮಾತು ಅವರಿಗೆ ಗೊತ್ತಿತ್ತು. ಎಂದೋ ಗೊತ್ತಿತ್ತು.

“ಕಳಿಸಿ ಆಗೈತಿ ಸರ್. ಇಂಕಿನಾಗೇ ಸಹಿ ಹಾಕೀನಿ” ಎಂದು ಫೋನಿನಲ್ಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು. ಥ್ಯಾಂಕ್ಸ್ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಗಾದಿಯ ಮೇಲೆ ಒಮ್ಮೆ ಕೈಯಾಡಿಸಿ, “ಮೆತ್ತಗೈತೆ, ಎಲ್ಲಿ ಹೊಲಿಸಿದ್ರಿ?” ಎಂದರು. ನಾನು ಮುಂದಿನ ಫೈಲು ಬಿಚ್ಚಿದೆ. ಕೋಲು ಊರಿಕೊಂಡು ಇಳಿದು ಹೋದರು. ಅದೇ ಕೊನೆ.

ಚೈತ್ರಾ ಆಯ್ಕೆಯಾದಳು. ತರಬೇತಿಯ ಮಧ್ಯೆ ಅಜ್ಜ ತೀರಿಕೊಂಡ ಸುದ್ದಿ ಕೇಳಿ ಬೆಂಗಳೂರಿನಿಂದ ಬಂದಿದ್ದಳು. ಸಭೆ ಮುಗಿದು ಎಲ್ಲರೂ ಫೋಟೊಗೆ ಹೂವು ಹಾಕಿ ಹೊರಬೀಳುವಾಗ ನನ್ನನ್ನು ಹುಡುಕಿಕೊಂಡು ಬಂದು ಕೈ ಹಿಡಿದಳು. ಅತ್ತು ಅತ್ತು ಕಣ್ಣು ಬಾತಿದ್ದವು.

“ಮೇಡಂ, ನೀವು ಒಂದಿನಾನೂ ಹೇಳಲೇ ಇಲ್ಲ. ಅಜ್ಜಾರು ಎಲ್ಲರ ಮುಂದೂ ನಿಮ್ಮದೇ ಸುದ್ದಿ ಹೇಳ್ತಿದ್ರು. ಗಾದಿ ಹೊಲಿಯೋರ ಮನಿ ಹುಡುಗಿ, ಇದೇ ಟ್ರೇನಿಂಗಿಗೆ ನಾನೇ ಸಹಿ ಹಾಕಿ ಕಳಿಸಿದ್ದೆ, ಅದಕ್ಕೇ ಇವತ್ತು ಇಷ್ಟು ದೊಡ್ಡ ವಕೀಲಳಾಗ್ಯಾಳೆ ಅಂತಿದ್ರು. ಅಜ್ಜಾರು ನಿಮ್ಮನ್ನ ಕಳಿಸಿದ್ದಕ್ಕೇ ಅಲ್ವಾ ಮೇಡಂ, ನೀವು ನನ್ನ ಕಳಿಸಿದ್ದು?”

ಬೇಕಾದವಳು ಎಂದು ಸಂಘಟಕರಿಗೆ ಯಾರು ಹೇಳಿದ್ದರು ಎಂಬುದು ಆಗ ತಿಳಿಯಿತು. ಸುತ್ತ ಅವಳ ಅಮ್ಮ, ಸೋದರಮಾವಂದಿರು, ಊದುಬತ್ತಿಯ ಹೊಗೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾಲಗೆಯ ತುದಿಗೆ ತಾನಾಗಿ ಬಂದು ನಿಂತ ಮಾತು ಯಾವುದು ಗೊತ್ತೇ? ‘ಆತು ಬಿಡಮ್ಮ, ಈಗ್ಯಾಕ ಅದೆಲ್ಲ.’ ಎಷ್ಟು ಸಲೀಸು! ಯಾರಿಗೂ ನೋವಿಲ್ಲ, ಎಲ್ಲರಿಗೂ ಸಮಾಧಾನ.

ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಇಲ್ಲ” ಎಂದೆ. “ಅವರು ನನ್ನನ್ನ ಕಳಿಸಲಿಲ್ಲ ಚೈತ್ರಾ.”